ಮೊದಲು ತುಂಬುವ ತೂತು

ಶೆಡ್ಡಿನ ಬಾಗಿಲ ಮೇಲೆ ಒಂದು ತಗಡಿನ ಬೋರ್ಡು: 'ಸದ್ದು ಕೇಳಿ ರೋಗ ಹೇಳಲಾಗುವುದು'. ಬರೆಸಿ ಮೂವತ್ತು ವರ್ಷವಾಗಿತ್ತು. ಮಳೆಬಿಸಿಲಿಗೆ ಕೊನೆಯ ಎರಡು ಮಾತು ಉದುರಿಹೋಗಿ, ಈಗ ರಸ್ತೆಯಲ್ಲಿ ಹೋಗುವವರಿಗೆ 'ಸದ್ದು ಕೇಳಿ' ಎಂಬಷ್ಟೇ ಕಾಣುತ್ತಿತ್ತು. ಬಣ್ಣ ಹೊಡೆಸೋಣ ಎಂದರೆ ಮೇಸ್ತ್ರಿ, "ಬೇಡ ಬಿಡು, ಮಿಕ್ಕಿದ್ದು ಊರಿಗೆ ಬಾಯಿಪಾಠ," ಎನ್ನುತ್ತಿದ್ದ.

ಅದು ಬರೀ ಜಂಬದ ಮಾತಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ಮೇಸ್ತ್ರಿ ಡಾಕ್ಟರಿಗಿಂತ ಒಂದು ಕೈ ಮೇಲು. "ಎರಡನೇ ವಾಲ್ವು," ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಎರಡನೇ ವಾಲ್ವೇ. ಡಾಕ್ಟರಾದರೆ ಬಿಚ್ಚಿದ ಮೇಲೂ ಇನ್ನೊಂದು ಪರೀಕ್ಷೆ ಬರೆದುಕೊಡುತ್ತಾನೆ.

ಗಿರಾಕಿಗಳ ಕಷ್ಟ ಬೇರೆ. ಅವರ ಗಾಡಿ ದಾರಿಯುದ್ದಕ್ಕೂ ಕಿರುಚಾಡಿ, ಶೆಡ್ಡಿನ ಬಾಗಿಲಿಗೆ ಬಂದ ಕೂಡಲೇ ಹೊಸ ಅಳಿಯನ ಹಾಗೆ ಮೆತ್ತಗಾಗಿಬಿಡುತ್ತಿತ್ತು. "ಏನೋ ಒಂಥರಾ ಗರ್ ಅನ್ನುತ್ತೆ ಮೇಸ್ತ್ರಿ, ಗರ್ ಅಲ್ಲ, ಬರ್..." ಎಂದು ಅವರು ತಡವರಿಸುವಾಗ ಮೇಸ್ತ್ರಿ ಮಗಳನ್ನು ಕರೆಯುತ್ತಿದ್ದ. ಅವಳು ಗಿರಾಕಿಯ ಜತೆ ಒಂದು ಸುತ್ತು ಹೋಗಿಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತು, ಆ ಗಾಡಿಯ ಸದ್ದನ್ನು ಇದ್ದದ್ದು ಇದ್ದ ಹಾಗೆ ಬಾಯಲ್ಲಿ ಮಾಡಿ ತೋರಿಸುತ್ತಿದ್ದಳು. ಆರನೆಯ ವಯಸ್ಸಿನಿಂದ ನಡೆದುಬಂದ ಆಟ. ಊರು ಅವಳಿಗೆ 'ಟೇಪು' ಎಂದು ಹೆಸರಿಟ್ಟಿತು. ಟೇಪ್ ರೆಕಾರ್ಡರುಗಳು ಗುಜರಿಗೆ ಹೋದವು, ಟೇಪು ಉಳಿದಳು. ಕಾಲೇಜು ಮುಗಿಸಿ ಡಿಗ್ರಿ ತಂದ ಮೇಲೂ ಶೆಡ್ಡಿಗೇ ಬಂದು, ಅಪ್ಪನ ಮಂಡಿ ಬಗ್ಗದ ಕಡೆಯೆಲ್ಲ ತಾನು ನುಸುಳಿ ಕೆಲಸ ಮಾಡಿದಳು. ಅಮ್ಮ ತೀರಿಹೋಗಿ ಎಂಟು ವರ್ಷ. ಮನೆಯಲ್ಲಿ ಇಬ್ಬರೇ, ಒಬ್ಬಳು ಸದ್ದು ಮಾಡುವವಳು, ಒಬ್ಬ ಕೇಳುವವನು.

ಕೇಳುವವನ ಕಿವಿ ಯಾವಾಗ ಕೈಕೊಟ್ಟಿತೋ ಹೇಳುವುದು ಕಷ್ಟ. ಮೊದಲು ರೇಡಿಯೋ ಜೋರಾಯಿತು. "ಸ್ಟೇಷನ್ನು ಸರಿಯಾಗಿ ಹಿಡಿಯಲ್ಲ," ಎಂದ. ಆಮೇಲೆ ಪ್ರಶ್ನೆ ಒಂದಾದರೆ ಉತ್ತರ ಇನ್ನೊಂದಾಯಿತು. "ಬ್ರೇಕು ಸಂಜೆಗೆ ಆಗುತ್ತಾ ಮೇಸ್ತ್ರಿ?" ಎಂದರೆ, "ಹೂಂ, ಹಿಂದಿನ ಎಡಗಡೇದು," ಎನ್ನುತ್ತಿದ್ದ. ಗೋಡೆಗೂ ಕಿವಿಯುಂಟು ಎನ್ನುತ್ತಾರೆ. ಆ ಶೆಡ್ಡಿನಲ್ಲಿ ಗೋಡೆಗಿದ್ದಷ್ಟು ಕಿವಿಯೂ ಮೇಸ್ತ್ರಿಗೆ ಉಳಿದಿರಲಿಲ್ಲ. ತೆಳ್ಳನೆಯ, ಎತ್ತರದ ಸದ್ದುಗಳು ಮೊದಲು ಹೋದವು: ಸೊಳ್ಳೆ, ಕುಕ್ಕರಿನ ಸೀಟಿ, ಮಗಳ ಪಿಸುಮಾತು.

ಒಂದು ದಿನ ಟೇಪು, ಗಿರಾಕಿಯೊಬ್ಬ ಮೂಗಿನಲ್ಲಿ ಮಾತಾಡಿದ್ದನ್ನು ಅವನದೇ ಮೂಗಿನಲ್ಲಿ, ಅಪ್ಪನ ಎದುರು ನಿಂತು, ಎರಡು ಪಟ್ಟು ಜೋರಾಗಿ ಅಣಕಿಸಿದಳು. "ಕ್ಲಚ್ಚು ಜಾರ್‍ತಾ ಇದೆ ಮೇಸ್ತ್ರೀಈಈ!" ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಸ್ತ್ರಿಯೂ ನಕ್ಕ, ಆಮೇಲೆ ಸರಿಯಾಗಿ ಕ್ಲಚ್ಚಿಗೇ ಕೈ ಹಾಕಿದ. ಅಂದಿನಿಂದ ಬಂದವರೆಲ್ಲರ ಮಾತನ್ನೂ ಅವಳು ಅಣಕಿಸತೊಡಗಿದಳು. ಜನ ತಮ್ಮನ್ನು ಟೇಪು ಹೇಗೆ ಮಾಡುತ್ತಾಳೆ ಎಂದು ನೋಡಲಿಕ್ಕೇ ಬರುತ್ತಿದ್ದರು. ನೋಡುವವರಿಗೆ ಅದು ತಮಾಷೆ, ಅಪ್ಪ ಮಗಳಿಗೆ ಜೀವನ. ಈ ಏರ್ಪಾಡಿನ ಬಗ್ಗೆ ಅವರಿಬ್ಬರೂ ಒಮ್ಮೆಯೂ ಬಾಯಿ ಬಿಟ್ಟವರಲ್ಲ.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ನರ್ಸಮ್ಮನ ಡುಮ್ಮಿ ಬಂತು.

ಡುಮ್ಮಿ ಎಂದರೆ ಕಾರು. ಕಪ್ಪು ಬಣ್ಣ, ಗುಂಡು ಬೆನ್ನು, ಉಬ್ಬಿದ ಮಡ್‌ಗಾರ್ಡು, ಮುಂದೆ ಎರಡು ಅಚ್ಚರಿಯ ಕಣ್ಣು. ಅಂಥದು ಸುತ್ತಮುತ್ತ ಇನ್ನೊಂದಿರಲಿಲ್ಲ. ನಡುಬೀದಿಯಲ್ಲಿ ನಿಂತರೆ ಮುದುಕರು ಬಂದು ಬಾನೆಟ್ಟು ಸವರಿ ಹೋಗುತ್ತಿದ್ದರು. ನರ್ಸಮ್ಮ ನಲವತ್ತು ವರ್ಷ ಹೆರಿಗೆ ಮಾಡಿಸಿದವರು, ಈಗ ನಿವೃತ್ತರು. ಕರೆ ಬಂದ ಕಡೆಗೆಲ್ಲ ಡುಮ್ಮಿಯಲ್ಲೇ ಹೋದವರು. ಟೇಪು ಹುಟ್ಟಿದ್ದೂ ಆಸ್ಪತ್ರೆ ಸೇರುವ ಮೊದಲೇ ಡುಮ್ಮಿಯ ಹಿಂದಿನ ಸೀಟಿನಲ್ಲಿ. "ಡಿಫರೆನ್ಷಿಯಲ್ಲಿನ ಮೇಲೆ ಹುಟ್ಟಿದೋಳು ಕಣೇ ನೀನು, ಅದಕ್ಕೇ ನಿನ್ನ ಬಾಯಿ ಸುಮ್ಮನೆ ಇರಲ್ಲ," ಎಂದು ನರ್ಸಮ್ಮ ಕಂಡಾಗಲೆಲ್ಲ ಹೇಳುತ್ತಿದ್ದರು.

"ಮೇಸ್ತ್ರೀ, ನಾಡಿದ್ದು ಹೊರಟೆ," ಎಂದರು ಇಳಿಯುತ್ತಲೇ. "ಬೆಟ್ಟದ ಮೇಲೆ ತಂಗಿ ಮನೆಗೆ. ಇನ್ನು ಅಲ್ಲೇ. ಟ್ರಂಕು, ಹೊಲಿಗೆ ಮಿಷನ್ನು, ನಾನು, ಡುಮ್ಮಿ. ಆದರೆ ಇವಳು ಮತ್ತೆ ಹಿಂದುಗಡೆಯಿಂದ ನರಳೋದಕ್ಕೆ ಶುರು ಮಾಡಿದ್ದಾಳೆ. ಹೋದ ವರ್ಷ ನೀನು ನಿಲ್ಲಿಸಿದ್ದೆಯಲ್ಲ, ಅದೇ ನರಳಾಟ."

ಟೇಪು ನರ್ಸಮ್ಮನ ಹಾಗೆ ಗಲ್ಲ ಮುಂದೆ ಮಾಡಿ, ಬೆರಳು ಆಡಿಸಿ ಅಣಕಿಸಿದಳು: "ಡುಮ್ಮಿ ಹಿಂದುಗಡೆಯಿಂದ ನರಳ್ತಾಳೆ ಮೇಸ್ತ್ರೀ! ನಾಡಿದ್ದು ಬೆಟ್ಟ ಹತ್ತಬೇಕು!"

"ಥೂ ಹಾಳಾದವಳೇ, ನಾನೆಲ್ಲಿ ಹಾಗೆ ಕುತ್ತಿಗೆ ಕುಣಿಸ್ತೀನಿ?" ಎಂದು ನರ್ಸಮ್ಮ ಕುತ್ತಿಗೆ ಕುಣಿಸಿದರು.

ಮೇಸ್ತ್ರಿ ನಗಲಿಲ್ಲ. "ಟೈರಿನ ಸದ್ದು ಇರಬೇಕು," ಎಂದ. "ನೋಡ್ತೀನಿ. ನಾಲ್ಕು ಗಂಟೆಗೆ ಬನ್ನಿ."

ಡಿಫರೆನ್ಷಿಯಲ್ ಎಂದರೆ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯ ಹಾಗೆ ಜೋತುಬಿದ್ದಿರುವ ಕಬ್ಬಿಣದ ಬುರುಡೆ. ಒಳಗೆಲ್ಲ ಹಲ್ಲುಚಕ್ರ. ಗಾಡಿ ತಿರುವಿನಲ್ಲಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಯಾರಿಗೆ ಎಷ್ಟು ಎಂದು ಜಗಳವಿಲ್ಲದೆ ಹಂಚಿಕೊಡುವುದು ಆ ಬುರುಡೆಯ ಕೆಲಸ. ಎಣ್ಣೆಯಲ್ಲಿ ಮುಳುಗಿಕೊಂಡು, ಯಾರ ಕಣ್ಣಿಗೂ ಬೀಳದೆ ಮಾಡುವ ಕೆಲಸ. "ಸರಿಯಾಗಿರೋ ಡಿಫರೆನ್ಷಿಯಲ್ಲು ಉಸಿರೂ ಬಿಡಲ್ಲ," ಎಂಬುದು ಮೇಸ್ತ್ರಿಯ ಮಾತು. "ಅದು ಇದೆ ಅಂತ ಗೊತ್ತಾಯ್ತೋ, ಕೆಟ್ಟಿತು ಅಂತ ಅರ್ಥ."

ಎಣ್ಣೆ ಬಿಸಿಯಾಗಲಿ ಎಂದು ಅಪ್ಪ ಮಗಳು ಡುಮ್ಮಿಯನ್ನು ನೀರಿನ ಟ್ಯಾಂಕಿನವರೆಗೆ ಓಡಿಸಿಕೊಂಡು ಬಂದರು. ವೇಗ ನಲವತ್ತು ದಾಟಿದಾಗ ಹಿಂದಿನಿಂದ ಸದ್ದಿನ ಒಂದು ಎಳೆ ಹೊರಟಿತು. ತೆಳ್ಳಗೆ, ಎತ್ತರಕ್ಕೆ, ಬಾಗಿಲ ಹಿಂದೆ ಬಾಯಿ ಮುಚ್ಚಿಕೊಂಡು ಅಳುವವರ ಹಾಗೆ. ಟೇಪು ಹಿಂದಕ್ಕೆ ತಿರುಗಿ ನೋಡಿದಳು. ಅಪ್ಪ ಸ್ಟಿಯರಿಂಗು ಹಿಡಿದು ಎದುರು ನೋಡುತ್ತಿದ್ದ.

"ಬೆಣ್ಣೆ ಹಾಗೆ ಓಡ್ತಿದೆ," ಎಂದ.

ಇದು ಬೆಣ್ಣೆಯಲ್ಲ ಎಂದರೆ ಮೂವತ್ತು ವರ್ಷದ ಕಿವಿಯನ್ನು ಹಿಡಿದು ಹಿಂಡಿದ ಹಾಗೆ. ಹೌದು ಎಂದರೆ ನಾಡಿದ್ದು ಬೆಟ್ಟದ ತಿರುವಿನಲ್ಲಿ ಆ ಬುರುಡೆ ಕಚ್ಚಿಕೊಂಡು, ಹಿಂದಿನ ಚಕ್ರ ಸೆಟೆದು ನಿಂತು, ಟ್ರಂಕು, ಮಿಷನ್ನು, ನರ್ಸಮ್ಮ ಎಲ್ಲವೂ ಕಣಿವೆಗೆ. ಟೇಪು ನಡುವಿನ ದಾರಿ ಹಿಡಿದಳು. ಅಪ್ಪನ ಕಡೆ ತಿರುಗಿ, ತುಟಿ ಅಗಲಿಸಿ, "ಎಣ್ಣೆ ಬದಲಾಯಿಸಿ, ಒಳಗೊಂದು ಸಲ ತೊಳೆದುಬಿಡೋಣ. ಬೆಟ್ಟ ಹತ್ತೋ ಗಾಡಿ," ಎಂದಳು.

"ಹೋದ ವರ್ಷ ತಾನೆ ಹಾಕಿದ್ದು. ಬೇಡ."

"ತೊಳೆದರೆ ನಷ್ಟವೇನು?"

ಅಪ್ಪ ಗಾಡಿಯನ್ನು ಶೆಡ್ಡಿನ ಕಡೆ ತಿರುಗಿಸಿದ. "ಸರಿ. ಆದರೆ ಕೆಳಗೆ ನಾನೇ ಹೋಗ್ತೀನಿ."

"ಮಂಡಿ ಮಡಿಸೋಕಾಗಲ್ಲ, ಕೆಳಗೆ ಹೋಗ್ತಾನಂತೆ! ಹೋದರೆ ವಾಪಸ್ ಬರೋಕೆ ಇನ್ನೊಂದು ಜಾಕಿ ಬೇಕು." ಮಗಳ ಮೇಲಿನ ಮಮತೆ ಎಂದುಕೊಂಡು ಟೇಪು ನಕ್ಕು, ಅವನನ್ನು ಪಕ್ಕಕ್ಕೆ ಸರಿಸಿ, ತಾನೇ ಗೋಣಿತಾಟು ಹಾಸಿಕೊಂಡಳು.

ಹಿಂದಿನ ಎರಡೂ ಚಕ್ರ ಎತ್ತಿ, ಕೆಳಗೆ ಸ್ಟ್ಯಾಂಡು ಕೊಟ್ಟು, ಒಳಗೆ ಜಾರಿದಳು. ಬುರುಡೆಗೆ ಎರಡು ತೂತು. ಕೆಳಗಿನದು ಎಣ್ಣೆ ಸುರಿಸುವುದಕ್ಕೆ, ಪಕ್ಕದಲ್ಲಿ ಎತ್ತರದಲ್ಲಿರುವುದು ತುಂಬುವುದಕ್ಕೆ. ಅಪ್ಪನ ಕಟ್ಟಳೆ ಒಂದೇ: "ಮೊದಲು ತುಂಬೋ ತೂತು ಬಿಚ್ಚು, ಆಮೇಲೆ ಸುರಿಸೋ ತೂತು." ಉತ್ಸಾಹದಲ್ಲಿ ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಬಸಿದ ಮೇಲೆ, ಮೇಲಿನದು ತುಕ್ಕು ಹಿಡಿದು ಬಿಚ್ಚಿಕೊಳ್ಳದೆ ಹೋದರೆ ಗಾಡಿ ಇದ್ದಲ್ಲೇ ಹೆಣ. ತುಂಬುವ ದಾರಿ ಇದೆಯೋ ಇಲ್ಲವೋ ನೋಡದೆ ಯಾರನ್ನೂ ಖಾಲಿ ಮಾಡಬಾರದು.

ಮೇಲಿನ ಪ್ಲಗ್ಗು ಹಟ ಮಾಡಿತು. ಸುತ್ತಿಗೆಯಿಂದ ನಾಲ್ಕು ಸಲ ತಟ್ಟಿ, ಸ್ಪ್ಯಾನರಿನ ಹಿಡಿಗೆ ಪೈಪು ಸಿಕ್ಕಿಸಿ ಎಳೆದಾಗ ಕಿರ್ರೆಂದು ಸಡಿಲವಾಯಿತು. ಆಮೇಲೆ ತಳದಲ್ಲಿ ಬಾಣಲಿ ಇಟ್ಟು ಕೆಳಗಿನದನ್ನು ಬಿಚ್ಚಿದಳು. ಕೊಳೆತ ಮೊಟ್ಟೆಯ ವಾಸನೆ ಮೊದಲು ಬಂತು. ಅದು ಹಳೆಯ ಗಿಯರ್ ಎಣ್ಣೆಯ ಹುಟ್ಟುಗುಣ, ಅದಕ್ಕೆ ಅವಳ ಮೂಗು ಪಳಗಿತ್ತು. ಆದರೆ ಎಣ್ಣೆ ಜೇನಿನ ಹಾಗೆ ಎಳೆಯಾಗಿ ಇಳಿಯಲಿಲ್ಲ. ಗುಳಕ್ ಗುಳಕ್ ಎಂದು ತಡೆತಡೆದು, ಗಂಜಿಯ ಹಾಗೆ, ಮುದ್ದೆಮುದ್ದೆಯಾಗಿ ಬಿತ್ತು. ಬೆರಳಿನಿಂದ ಒಂದು ಮುದ್ದೆ ತೆಗೆದು ಉಜ್ಜಿದಳು. ನಾರು. ಇನ್ನಷ್ಟು ಉಜ್ಜಿ ಬೆಳಕಿಗೆ ಹಿಡಿದಳು.

ಮರದ ಹೊಟ್ಟು.

ಡುಮ್ಮಿಯ ಹೊಟ್ಟೆಯಲ್ಲಿ ಹೊಟ್ಟು ಎಂದು ಬೇರೆ ದಿನವಾಗಿದ್ದರೆ ಅವಳೇ ಒಂದು ಹಾಸ್ಯ ಕಟ್ಟುತ್ತಿದ್ದಳು. ಇದು ಹಳೇ ಗಾಡಿ ಮಾರುವ ದಲ್ಲಾಳಿಗಳ ಕುತಂತ್ರ. ಹಲ್ಲು ಸವೆದು ಕೂಗುವ ಡಿಫರೆನ್ಷಿಯಲ್ಲಿಗೆ ಎರಡು ಹಿಡಿ ಮರದ ಹೊಟ್ಟು ಸುರಿದರೆ ಅದು ಹಲ್ಲುಗಳ ಸಂದಿಗೆ ಮೆತ್ತಿಕೊಂಡು ಸದ್ದು ಅಡಗುತ್ತದೆ. ಸದ್ದು ಅಡಗುತ್ತದೆ, ಸವೆತ ಅಡಗುವುದಿಲ್ಲ. ಹೊಟ್ಟು ಎಣ್ಣೆಯನ್ನು ಹೀರಿ ಬೇರಿಂಗುಗಳನ್ನು ಒಣಗಿಸುತ್ತದೆ. "ಮರದ ಹೊಟ್ಟು ಹಾಕೋನು ಮೆಕ್ಯಾನಿಕ್ ಅಲ್ಲ, ಬಾಯಿಗೆ ಬಟ್ಟೆ ತುರುಕೋ ಕಳ್ಳ," ಎಂದು ಅಪ್ಪ ಇಂಥದೊಂದು ಗಾಡಿ ಕಂಡಾಗ ಉಗಿದಿದ್ದ. ಹಾಗಾದರೆ ಇದನ್ನು ಯಾರು ಹಾಕಿದ್ದು? ಡುಮ್ಮಿಗೆ ಮೂವತ್ತು ವರ್ಷದಿಂದ ಬೇರೆ ಯಾರೂ ಸ್ಪ್ಯಾನರು ಮುಟ್ಟಿಸಿಲ್ಲ.

ಮಲಗಿದಲ್ಲಿಂದಲೇ ಟೇಪು ಪಕ್ಕಕ್ಕೆ ತಲೆ ಹೊರಳಿಸಿದಳು. ಗಾಡಿಯ ಕೆಳಗಿನ ಸಂದಿಯಿಂದ ಅಪ್ಪನ ಚಪ್ಪಲಿ, ಸ್ಟೂಲಿನ ಕಾಲು ಕಾಣುತ್ತಿದ್ದವು. ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಯಾವ ಗಾಡಿಯಿಂದ ಎಣ್ಣೆ ಇಳಿಸಿದರೂ ಮೊದಲ ಬಾಣಲಿ ಮೇಸ್ತ್ರಿಯ ಮುಂದೆ ಬರಬೇಕು. ಅವನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಮೂಸಿ, ಒಂದು ಮಾತು ಹೇಳಬೇಕು. ಕೈ ಬೇರೆ ಕೆಲಸದಲ್ಲಿದ್ದರೂ, "ಏಯ್, ಬಾಣಲಿ ಎಲ್ಲಿ?" ಎಂದು ಕೂಗುತ್ತಿದ್ದ. ಈಗ ಕೂಗಲಿಲ್ಲ. ಬೆಂಚಿನ ಕಡೆ ತಿರುಗಿ, ಇವಳಿಗೆ ಬೆನ್ನು ಮಾಡಿ, ಒಂದು ತಾಮ್ರದ ವಾಷರನ್ನು ಅರದಿಂದ ಉಜ್ಜುತ್ತ ಕೂತಿದ್ದ. ಹೊಸ ವಾಷರು, ಅದಕ್ಕೆ ಉಜ್ಜುವ ಅಗತ್ಯವೇ ಇರಲಿಲ್ಲ.

ಆಗ ಗೊತ್ತಾಯಿತು.

ಹೋದ ವರ್ಷ ಚಿಕ್ಕಮ್ಮನಿಗೆ ಆಪರೇಷನ್ನಾಗಿ ಟೇಪು ಹದಿನೈದು ದಿನ ಅಲ್ಲಿಗೆ ಹೋಗಿದ್ದಳು. ಬಂದಾಗ ಅಪ್ಪ, "ಡುಮ್ಮಿ ಬಂದಿತ್ತು. ಸಣ್ಣ ಸದ್ದು, ತೆಗೆದೆ," ಎಂದಿದ್ದ. ಆ ಹದಿನೈದು ದಿನ ಅವನಿಗೆ ಅಣಕಿಸುವವರು ಯಾರೂ ಇರಲಿಲ್ಲ. ನರ್ಸಮ್ಮ ಬಂದು ಡುಮ್ಮಿ ನರಳುತ್ತಾಳೆ ಎಂದಿದ್ದಾರೆ. ಅವನು ಓಡಿಸಿ ನೋಡಿದ್ದಾನೆ, ಏನೂ ಕೇಳಿಲ್ಲ. ಸ್ಕ್ರೂಡ್ರೈವರು ಆನಿಸಿದ್ದಾನೆ, ಏನೂ ಕೇಳಿಲ್ಲ. ಕೇಳದ ಸದ್ದನ್ನು ಎಲ್ಲಿಂದ ಎಂದು ಹುಡುಕುವುದು? ಇಲ್ಲ ಎನ್ನಲು ಆಗುವುದಿಲ್ಲ, ನರ್ಸಮ್ಮನ ಕಿವಿ ಚೆನ್ನಾಗಿದೆ. ಬೆಕ್ಕು ತನ್ನ ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಅಪ್ಪ ತನಗೆ ಕೇಳದ್ದು ಊರಿಗೂ ಕೇಳದಿರಲಿ ಎಂದು ಪಕ್ಕದ ಬಡಗಿಯ ಅಂಗಡಿಯಿಂದ ಎರಡು ಹಿಡಿ ಹೊಟ್ಟು ತಂದು ಡುಮ್ಮಿಯ ಬಾಯಿ ಮುಚ್ಚಿದ್ದಾನೆ.

ಟೇಪು ಸುರಿಸುವ ಪ್ಲಗ್ಗಿನ ತುದಿ ನೋಡಿದಳು. ಅದರಲ್ಲೊಂದು ಅಯಸ್ಕಾಂತವಿತ್ತು, ಅಪ್ಪನೇ ಕೂರಿಸಿದ್ದು. ಆರೋಗ್ಯವಾಗಿರುವ ಗಾಡಿಯಲ್ಲಿ ಅದಕ್ಕೆ ಬೂದಿಯಂಥ ಕಬ್ಬಿಣದ ಧೂಳು ಹತ್ತಿರುತ್ತದೆ. ಈಗ ಹತ್ತಿದ್ದದ್ದು ಬೇರೆಬೇರೆ ಹಲ್ಲುಗಳ ಉಗುರಿನಷ್ಟು ಚೂರುಗಳು, ನಡುವೆ ಅರ್ಧ ಮುರಿದ ಒಂದು ಹಲ್ಲು. ಅದನ್ನು ಒರೆಸಿ ಜೇಬಿಗೆ ಹಾಕಿಕೊಂಡಳು. ಬಾಣಲಿಯನ್ನು ಅಪ್ಪನ ಮುಂದೆ ಒಯ್ಯದೆ, ಮೂಲೆಯ ಸುಟ್ಟೆಣ್ಣೆ ಡ್ರಮ್ಮಿಗೆ ಬಗ್ಗಿಸಿದಳು. ಅಪ್ಪ ತಿರುಗಿ ನೋಡಲಿಲ್ಲ.

ಕೆಳಗಿನ ತೂತು ಮುಚ್ಚಿ, ತೊಳೆಯುವ ತೆಳು ಎಣ್ಣೆಯನ್ನು ಮೇಲಿನಿಂದ ಹೊಯ್ದಳು. ಇನ್ನು ಚಕ್ರ ತಿರುಗಿಸಬೇಕು. ಡಿಫರೆನ್ಷಿಯಲ್ಲಿನ ಚೇಷ್ಟೆ ಏನೆಂದರೆ, ಎತ್ತಿ ನಿಲ್ಲಿಸಿದ ಗಾಡಿಯಲ್ಲಿ ಒಬ್ಬರೇ ಒಂದು ಚಕ್ರ ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಸುಮ್ಮನೆ ಹಿಂದಕ್ಕೆ ತಿರುಗುತ್ತದೆ. ನಡುವಿನ ದೊಡ್ಡ ಚಕ್ರ ಅಲುಗುವುದೂ ಇಲ್ಲ, ತೊಳೆಯುವುದೂ ಇಲ್ಲ. ಇಬ್ಬರು ಎರಡು ಕಡೆ ಕೂತು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ತಿರುಗಿಸಬೇಕು. ಮೊದಲೆಲ್ಲ ಬಾಯಲ್ಲಿ ಎಣಿಸುತ್ತಿದ್ದರು. ಈಚೆಗೆ ಟೇಪು ಮಡ್‌ಗಾರ್ಡಿನ ಮೇಲೆ ಗೆಣ್ಣಿನಿಂದ ತಟ್ಟುತ್ತಿದ್ದಳು. ತಗಡಿನ ಕಂಪನ ಅಪ್ಪನ ಕಡೆಯ ಅಂಗೈಗೆ ತಲುಪುತ್ತಿತ್ತು. ಒಂದು ತಟ್ಟಿದರೆ ಹೌದು, ಶುರು. ಎರಡು ತಟ್ಟಿದರೆ ಇಲ್ಲ, ನಿಲ್ಲಿಸು. ಇದಕ್ಕೂ ಅವರು ಎಂದೂ ಕಾರಣ ಹೇಳಿಕೊಂಡಿರಲಿಲ್ಲ.

ಅಪ್ಪ ಬಂದು ಎಡ ಚಕ್ರದ ಹತ್ತಿರ ಸ್ಟೂಲು ಹಾಕಿಕೊಂಡ. ಇವಳು ಬಲಕ್ಕೆ ಕೂತಳು. ನಡುವೆ ಡುಮ್ಮಿಯ ಗುಂಡು ಬೆನ್ನು, ಮುಖ ಕಾಣುವುದಿಲ್ಲ. ಟಕ್. ಚಕ್ರಗಳು ತಿರುಗಿದವು. ಒಳಗೆ ಎಣ್ಣೆ ಗುಳುಗುಳು ಎಂದಿತು.

ಇಪ್ಪತ್ತು ಸುತ್ತಿನ ಮೇಲೆ ಟೇಪು, ಅವನಿಗೆ ಕೇಳುವುದಿಲ್ಲ ಎಂದು ಗೊತ್ತಿದ್ದೇ, ಚಕ್ರಕ್ಕೆ ಹೇಳಿದ ಹಾಗೆ ಹೇಳಿದಳು: "ಯಾಕಪ್ಪಾ ಹಾಗೆ ಮಾಡಿದೆ?" ಹೇಳುವಾಗ ಅವಳ ಕೈ ನಿಂತುಹೋಯಿತು.

ಆ ಕಡೆಯ ಚಕ್ರವೂ ನಿಂತಿತು.

ಆಮೇಲೆ ಅಪ್ಪನ ಮಾತು ಬಂತು. ಈಚೆಗೆ ಅವನು ಎಲ್ಲವನ್ನೂ ಕೂಗಿ ಹೇಳುತ್ತಿದ್ದ. ಇದನ್ನು ಮಾತ್ರ ಮೆಲ್ಲಗೆ ಹೇಳಿದ.

"ಹೊಟ್ಟು ಬಂತಾ?"

ಟೇಪು ಗೆಣ್ಣು ಎತ್ತಿದಳು. ಎರಡು ತಟ್ಟಿದರೆ ಮುಗಿಯುತ್ತಿತ್ತು. ಇಲ್ಲ ಎಂದರೆ ಅವನೂ ನಂಬಿದ ಹಾಗೆ ಮಾಡುತ್ತಿದ್ದ, ಇಬ್ಬರೂ ಅದರಲ್ಲಿ ಪಳಗಿದ್ದರು. ಮಡ್‌ಗಾರ್ಡಿನ ಕಪ್ಪು ಬಣ್ಣದಲ್ಲಿ ಅವಳ ಮುಖ ಅಗಲವಾಗಿ ಕಾಣುತ್ತಿತ್ತು.

ಟಕ್.

"ಹೂಂ," ಎಂದ. "ಎರಡು ದಿನ ಓಡಿಸಿದೆ ಕಣೇ. ಬೆಳಿಗ್ಗೆ ಸಂಜೆ. ಕಿಟಕಿ ಹಾಕಿ, ಕಿಟಕಿ ತೆಗೆದು. ಸ್ಕ್ರೂಡ್ರೈವರು ಹಲ್ಲಲ್ಲಿ ಕಚ್ಚಿ ನೋಡಿದೆ. ಎಲ್ಲಾ ಒಂದೇ. ನರ್ಸಮ್ಮ ಬಂದು, ಏನು ಮೇಸ್ತ್ರಿ ಸಿಕ್ಕಿತಾ ಅಂದರು. ಬೋರ್ಡಿನ ಕೆಳಗೆ ನಿಂತಿದ್ದರು." ಟೈರಿನ ಮೇಲೆ ಕೈ ಒರೆಸಿದ ಸದ್ದು ಬಂತು. "ಹಲ್ಲು ಮುರಿದಿದೆಯಾ?"

ಟಕ್.

"ಒಂದಾ?"

ಟಕ್ ಟಕ್. ಒಂದಲ್ಲ.

ಸ್ಟೂಲು ಕಿರುಗುಟ್ಟಿತು. ಟೇಪುವಿಗೆ ಎದ್ದು ಆ ಕಡೆ ಹೋಗಬೇಕು ಅನ್ನಿಸಿತು. ಹೋದರೆ ಮುಖ ನೋಡಬೇಕು, ನೋಡಿದರೆ ಅವನು ತಮಾಷೆ ಮಾಡಲೇಬೇಕಾಗುತ್ತದೆ. ಕೂತೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಅಂಗೈಯ ಕೆಳಗೆ ಚಕ್ರ ತಾನಾಗಿ ಅಲುಗಿತು. ಆ ಕಡೆಯಿಂದ ಅಪ್ಪ ತಿರುಗಿಸತೊಡಗಿದ್ದ. ಇವಳು ಹಿಡಿಯದಿದ್ದರೆ ಅದು ಹಿಂದಕ್ಕೆ ಓಡುತ್ತಿತ್ತು. ಹಿಡಿದು, ಮುಂದಕ್ಕೆ ತಿರುಗಿಸಿದಳು.

ಮೂರು ಸಲ ತೊಳೆದರು. ಮೊದಲ ಸಲ ಗಂಜಿ ಬಂತು, ಎರಡನೆಯ ಸಲ ಕಾಫಿಯ ಚರಟ, ಮೂರನೆಯ ಸಲ ಮಾತ್ರ ಎಣ್ಣೆ. ಮೂರನೆಯ ಬಾಣಲಿಯನ್ನು ಅಪ್ಪನೇ ಕೇಳಿ ಎಳೆದುಕೊಂಡ. ಉಜ್ಜಿದ, ಮೂಸಿದ. "ಇದು ಎಣ್ಣೆ," ಎಂದ. ಕೆಳಗಿನ ಪ್ಲಗ್ಗಿಗೆ ತಾಮ್ರದ ವಾಷರು ಹಾಕಿ ಬಿಗಿದು, ಹೊಸ ಗಿಯರ್ ಎಣ್ಣೆಯನ್ನು ಮೇಲಿನ ತೂತಿನ ಅಂಚಿಗೆ ಬಂದು ತುಳುಕುವವರೆಗೆ ತುಂಬಿದಳು. ತುಳುಕಿದ ಹನಿಯನ್ನು ಅಪ್ಪ ಬಟ್ಟೆಯಿಂದ ಒರೆಸಿದ, ಅನ್ನ ಚೆಲ್ಲಿಕೊಂಡ ಮಗುವಿನ ಗಲ್ಲ ಒರೆಸುವ ಹಾಗೆ.

ಮತ್ತೆ ನೀರಿನ ಟ್ಯಾಂಕಿನ ದಾರಿ. ಈ ಸಲ ಟೇಪು ಓಡಿಸಿದಳು. ಬಾಯಿಗೆ ತುರುಕಿದ ಹೊಟ್ಟು ಹೋಗಿತ್ತು. ನಲವತ್ತಕ್ಕಿಂತ ಮೊದಲೇ ಡುಮ್ಮಿ ಬಾಯಿ ಬಿಟ್ಟಿತು. ಎಳೆಯಲ್ಲ, ಈಗ ಅದು ಅಳು. ಹಲ್ಲು ಇಲ್ಲದ ಕಡೆ ಬಂದಾಗಲೆಲ್ಲ ಒಂದು ಬಿಕ್ಕು. ರಸ್ತೆಬದಿಯ ಜನ ತಿರುಗಿ ನೋಡಿದರು. ಅಪ್ಪ ಜನ ನೋಡುವುದನ್ನು ನೋಡಿದ.

"ನಿಲ್ಲಿಸು," ಎಂದ. ಟ್ಯಾಂಕಿನ ನೆರಳಿನಲ್ಲಿ ನಿಲ್ಲಿಸಿದಳು. "ಮಾಡು."

"ಏನಪ್ಪಾ?"

"ಇದರ ಸದ್ದು. ನನಗೆ ಕೇಳೋ ಮಟ್ಟಕ್ಕೆ ಇಳಿಸಿ ಮಾಡು."

ಇಪ್ಪತ್ತು ವರ್ಷದಲ್ಲಿ ಅವಳು ಲಾರಿ ಮಾಡಿದ್ದಳು, ಟ್ರ್ಯಾಕ್ಟರು ಮಾಡಿದ್ದಳು, ಗಿರಾಕಿಗಳ ಹೆಂಡಂದಿರನ್ನೂ ಮಾಡಿದ್ದಳು. ಅಳುವ ಗಾಡಿಯನ್ನು ಮಾತ್ರ ಎಂದೂ ಮಾಡಿರಲಿಲ್ಲ. ಮೊದಲು ಒಂದು ಕೆಮ್ಮು. ಆಮೇಲೆ ಆ ಎತ್ತರದ ಅಳುವನ್ನು ಎದೆಯವರೆಗೆ ಇಳಿಸಿ, ದಪ್ಪ ಮಾಡಿ, ಬಿಕ್ಕಿನ ಜಾಗದಲ್ಲಿ ಬಿಕ್ಕಿ, ಅಪ್ಪನ ಬಲಗಿವಿಯ ಹತ್ತಿರ ಬಾಯಿಟ್ಟು ಮಾಡಿದಳು. ಬಲಗಿವಿ ಸ್ವಲ್ಪ ವಾಸಿ.

ಅಪ್ಪ ಕಣ್ಣು ಮುಚ್ಚಿ ಕೇಳಿದ. ಅವಳು ನಿಲ್ಲಿಸಿದ ಮೇಲೂ ಕಣ್ಣು ತೆರೆಯಲಿಲ್ಲ.

"ಒಂದು ವರ್ಷದಿಂದ ಹೀಗೆ ಅಳ್ತಾ ಇದೆಯಾ?" ಎಂದ.

ನಾಲ್ಕಕ್ಕೆ ಸರಿಯಾಗಿ ನರ್ಸಮ್ಮ ಬಂದರು. "ಹೇಗಿದ್ದಾಳೆ ನಮ್ಮ ಬಾಣಂತಿ?"

ಟೇಪು ಅಭ್ಯಾಸಬಲದಿಂದ ಗಲ್ಲ ಮುಂದೆ ಮಾಡಿ ಬಾಯಿ ತೆರೆದಳು. ಅಪ್ಪ ಕೈ ಅಡ್ಡ ಹಿಡಿದ.

"ನರ್ಸಮ್ಮ, ಸ್ವಲ್ಪ ಜೋರಾಗಿ ಹೇಳಿ. ನನಗೆ ಕಿವಿ ಕೇಳಲ್ಲ."

ನರ್ಸಮ್ಮ ನಕ್ಕರು. ಟೇಪುವಿನ ಮುಖ ನೋಡಿ ನಗು ನಿಲ್ಲಿಸಿದರು. ಮೇಸ್ತ್ರಿ ಹೇಳಿದ, ನಿಂತುಕೊಂಡೇ, ಒಂದನ್ನೂ ಬಿಡದೆ: ಕೇಳದೆ ಇದ್ದದ್ದು, ಹೊಟ್ಟು ಹಾಕಿದ್ದು, ಹಲ್ಲು ಹೋದದ್ದು. ಈ ಗಾಡಿಯ ಹಲ್ಲುಚಕ್ರ ಈಗ ಯಾರೂ ಮಾಡುವುದಿಲ್ಲ, ಗುಜರಿಯಲ್ಲಿ ಹುಡುಕಿದರೂ ಸಿಗುವ ಭರವಸೆಯಿಲ್ಲ. ಬೆಟ್ಟ ಹತ್ತುವುದಂತೂ ಇಲ್ಲ. "ಹೋದ ವರ್ಷವೇ ಬಿಚ್ಚಿದ್ದರೆ ಉಳಿಯೋದು. ಬೇರಿಂಗು ಬದಲಾಯಿಸಿ, ಸಂದು ಸರಿಮಾಡಿದ್ದರೆ ಸಾಕಾಗಿತ್ತು."

ಟೇಪು ಜೇಬಿನಿಂದ ಅರ್ಧ ಹಲ್ಲು ತೆಗೆದು ಬೆಂಚಿನ ಮೇಲಿಟ್ಟಳು. ನರ್ಸಮ್ಮ ಅದನ್ನು ಮುಟ್ಟಲಿಲ್ಲ. ಡುಮ್ಮಿಯ ಕಡೆ ನೋಡಿದರು, ಬೋರ್ಡಿನ ಹಿಂಬದಿಯ ತುಕ್ಕು ನೋಡಿದರು.

"ನಂದೂ ಕಿವಿಯ ಕೆಲಸವೇ ಮೇಸ್ತ್ರಿ," ಎಂದರು ಜೋರಾಗಿ, ಒಂದೊಂದೇ ಮಾತು. ಜೋರಾಗಿ ಹೇಳಿದ್ದರಿಂದ ಅದು ಬೈಗುಳದಂತೆ ಕೇಳಿಸಿತು, ಬೈಗುಳವೂ ಆಗಿತ್ತು. "ಹೊಟ್ಟೆ ಮೇಲೆ ಕೊಳವೆ ಇಟ್ಟು ಮಗೂನ ಎದೆಬಡಿತ ಕೇಳ್ತಿದ್ದೆ. ಒಂದು ದಿನ ಕೇಳಿತೋ ಇಲ್ಲವೋ ಅಂತ ಅನುಮಾನ ಬಂತು. ಅವತ್ತೇ ಕೊಳವೆ ಕೆಳಗಿಟ್ಟೆ. ಇನ್ನೊಂದು ಹೊಟ್ಟೆ ಮುಟ್ಟಲಿಲ್ಲ. ನೀನು ಒಂದು ವರ್ಷ ಮುಟ್ಟಿದೆ."

"ಹೌದು," ಎಂದ ಮೇಸ್ತ್ರಿ.

"ನಂಗೊಂದು ಮಾತು ಹೇಳಿದ್ದರೆ ಏನಾಗ್ತಿತ್ತೋ?"

ಮೇಸ್ತ್ರಿ ಬೆಂಚಿನ ಮೇಲಿನ ಅರ್ಧ ಹಲ್ಲನ್ನೇ ನೋಡಿದ. ಕೇಳಿಸಲಿಲ್ಲವೇನೋ ಎಂದು ನರ್ಸಮ್ಮ ಇನ್ನೊಮ್ಮೆ, ಇನ್ನೂ ಜೋರಾಗಿ ಕೇಳಿದರು. ಕೇಳಿಸಿತ್ತು. ಟೇಪುವಿಗೆ ಅದು ಗೊತ್ತಿತ್ತು.

ನರ್ಸಮ್ಮ ಡುಮ್ಮಿಯ ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲಿದ್ದ ಶಾಲು, ಕೊಡೆ, ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಎತ್ತಿಕೊಂಡರು. ಗೊಂಚಲಿನಿಂದ ಮನೆಯ ಕೀ ಬಿಡಿಸಿಕೊಂಡು, ಡುಮ್ಮಿಯ ಕೀಯನ್ನು ಅರ್ಧ ಹಲ್ಲಿನ ಪಕ್ಕದಲ್ಲಿಟ್ಟರು. "ಬಸ್ಸಿಗೆ ಹೋಗ್ತೀನಿ," ಎಂದರು ಟೇಪುವಿಗೆ, ಸಾಧಾರಣ ದನಿಯಲ್ಲಿ. ಹೋಗುವಾಗ ಅವಳ ಕೆನ್ನೆ ಸವರಿದರು. ಮೇಸ್ತ್ರಿಯ ಕಡೆ ತಿರುಗಲಿಲ್ಲ. ಬಾಗಿಲು ದಾಟುವಾಗ ಬಾನೆಟ್ಟಿನ ಮೇಲೆ ಕೈಯಿಟ್ಟು, ಒಂದು ಗಳಿಗೆ ಹಾಗೇ ನಿಂತರು. ಎದೆಬಡಿತ ಹುಡುಕುವವರ ಹಾಗೆ.

ಅವರು ತಿರುವು ದಾಟಿದ ಮೇಲೆ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರನ್ನು ಮೊಳೆಯಿಂದ ತೆಗೆದು ಒರೆಸಿದ. ಎಲ್ಲಿಡುವುದೆಂದು ತೋಚದೆ ಮತ್ತೆ ಅದೇ ಮೊಳೆಗೆ ತೂಗುಹಾಕಿದ. ಡುಮ್ಮಿಯ ಹಿಂದಿನ ಸೀಟಿಗೆ ಹೋಗಿ ಕೂತ. ಟೇಪು ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಹೊಸ ಎಣ್ಣೆಯ ವಾಸನೆ ಕೆಳಗಿನಿಂದ ಬರುತ್ತಿತ್ತು.

"ನೀನು ಚಿಕ್ಕೋಳಿದ್ದಾಗ ಇದು ಚೆನ್ನಾಗಿತ್ತಲ್ಲ," ಎಂದ ಅಪ್ಪ. "ನೀನು ಹಿಂದುಗಡೆ ಕೂತು ಬರ್ತಿದ್ದೆ. ಹೇಗಿತ್ತು ಆಗ? ನೆನಪಿದ್ದರೆ ಮಾಡು."

ನೆನಪಿತ್ತು. ಟೇಪು ಉಸಿರು ಎಳೆದುಕೊಂಡು, ಅವನ ಬಲಗಿವಿಯ ಹತ್ತಿರ ಬಾಯಿ ತಂದಳು. ತುಟಿ ದುಂಡಗೆ ಮಾಡಿದಳು. ಅಪ್ಪ ಹಳೆಯ ಅಭ್ಯಾಸದಂತೆ ತಲೆ ವಾರೆ ಮಾಡಿ, ಕಣ್ಣು ಮುಚ್ಚಿದ.

ಅವಳು ಯಾವ ಸದ್ದನ್ನೂ ಮಾಡಲಿಲ್ಲ. ಆಗ ಡುಮ್ಮಿ ಇದ್ದದ್ದೇ ಹಾಗೆ. ಹೊರಗೆ ಯಾರೋ ತಗಡು ಎಳೆದರು, ಒಂದು ಸೈಕಲ್ಲಿನ ಗಂಟೆ ಹೋಯಿತು, ಬಡಗಿಯ ಗರಗಸ ನಿಂತು ಮತ್ತೆ ಶುರುವಾಯಿತು. ಅದೆಲ್ಲ ಅವಳಿಗೆ ಕೇಳಿಸಿತು. ಉಸಿರು ಮುಗಿಯುವವರೆಗೆ ಹಾಗೇ ಹಿಡಿದಿದ್ದಳು.

"ಹಾಂ," ಎಂದ ಅಪ್ಪ, ಕಣ್ಣು ತೆರೆಯದೆ. "ಅದೇ."